ರಾಕೀಸ್ ರಸ್ತೆಯಲ್ಲಿ ಕಾರಿನಿಂದಲೇ ಕರಡಿ ಕಾಣುತ್ತಾ?

ಪ್ರಶ್ನೆ: ಜೂನ್ ಎರಡನೇ ವಾರ ಕೆನಡಾದ ಕ್ಯಾಲ್ಗರಿಯಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ರಾಕಿ ಪರ್ವತಗಳಲ್ಲಿರುವ ಬ್ಯಾನ್ಫ್, ಜಾಸ್ಪರ್ ರಾಷ್ಟ್ರೀಯ ಉದ್ಯಾನಗಳ ಕಡೆ ನಾಲ್ಕು ದಿನ ಕಾರಿನಲ್ಲಿ ಸುತ್ತುವ ಯೋಚನೆ. ನನಗೆ ಮೊಣಕಾಲು ನೋವು, ಬೆಟ್ಟ ಹತ್ತಲು ಆಗುವುದಿಲ್ಲ. ಆರು ವರ್ಷದ ಮೊಮ್ಮಗಳಿಗೆ ಮಾತ್ರ ಕಾಡು ಕರಡಿ ನೋಡಲೇಬೇಕಂತೆ. ಕಾರಿನಿಂದ ಇಳಿಯದೆ ನೋಡಲು ಸಾಧ್ಯವೇ? ಯಾವ ರಸ್ತೆ, ಯಾವ ಹೊತ್ತು ಒಳ್ಳೆಯದು? ಕಂಡರೆ ಏನು ಮಾಡಬೇಕು? ನನ್ನ ಮಗ ಬ್ಯಾನ್ಫ್ ಹೆದ್ದಾರಿಯಲ್ಲಿ ಏಳೆಂಟು ಸಲ ಹೋಗಿಬಂದರೂ ಒಂದು ಕರಡಿಯನ್ನೂ ಕಂಡಿಲ್ಲವಂತೆ.

ಉತ್ತರ: ನಿಮ್ಮ ಮಗ ಹೇಳಿದ್ದು ನಿಜವೇ ಇರಬೇಕು. ತಪ್ಪು ಅವರದಲ್ಲ, ರಸ್ತೆಯದು.

ಕ್ಯಾಲ್ಗರಿಯಿಂದ ಬ್ಯಾನ್ಫ್‌ಗೆ ಹೋಗುವ ಟ್ರಾನ್ಸ್-ಕೆನಡಾ ಹೆದ್ದಾರಿಗೆ ಉದ್ಯಾನದೊಳಗೆ ಎರಡೂ ಕಡೆ ಎತ್ತರದ ತಂತಿ ಬೇಲಿ ಇದೆ. 80 ಕಿಲೋಮೀಟರಿಗೂ ಹೆಚ್ಚು ಉದ್ದ. ಪ್ರಾಣಿಗಳು ದಾಟಲು 6 ಮೇಲ್ಸೇತುವೆ, 38 ಕೆಳದಾರಿ ಕಟ್ಟಿದ್ದಾರೆ. ಕಾರಿನಲ್ಲಿ ಹೋಗುವಾಗ ತಲೆಯ ಮೇಲೆ ಒಂದು ದಪ್ಪ ಸೇತುವೆ ಬರುತ್ತದೆ, ಮೇಲೆ ಮರ ಬೆಳೆದಿರುತ್ತದೆ. ಅದು ಜನರಿಗಲ್ಲ, ಕರಡಿ, ತೋಳ, ದೊಡ್ಡ ಜಿಂಕೆಯ ಜಾತಿಯ ಎಲ್ಕ್‌ಗಳಿಗೆ. ಮೊಮ್ಮಗಳಿಗೆ ತೋರಿಸಿ, ಖುಷಿಪಡುತ್ತಾಳೆ. ಬೇಲಿ ಹಾಕಿದ ಮೇಲೆ ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಶೇಕಡಾ 80ಕ್ಕಿಂತ ಜಾಸ್ತಿ ಇಳಿಯಿತು. ಕರಡಿಗಳಿಗೆ ಒಳ್ಳೆಯದಾಯಿತು, ಕರಡಿ ನೋಡುವವರಿಗೆ ಆ ರಸ್ತೆ ಖಾಲಿಯಾಯಿತು. ಅದರಲ್ಲಿ ಎಂಟಲ್ಲ, ಎಂಬತ್ತು ಸಲ ಹೋದರೂ ಅಷ್ಟೇ.

ಹಾಗಾಗಿ ಮೊದಲನೇ ಮಾತು: ಬೇಲಿ ಇಲ್ಲದ, ನಿಧಾನವಾದ ರಸ್ತೆ ಹಿಡಿಯಬೇಕು.

ಎರಡನೇ ಮಾತು ಇನ್ನೂ ಮುಖ್ಯ. ಕರಡಿಯನ್ನು ಹುಡುಕಬೇಡಿ, ಹಸಿರನ್ನು ಹುಡುಕಿ. ಬ್ಯಾನ್ಫ್ ಉದ್ಯಾನದ ವಿಸ್ತೀರ್ಣ 6,641 ಚದರ ಕಿಲೋಮೀಟರ್. ಅಷ್ಟರಲ್ಲಿ ಇರುವ ಗ್ರಿಜ್ಲಿ ಅನ್ನುವ ದೊಡ್ಡ ಕಂದು ಕರಡಿಗಳು ಸುಮಾರು 65. ಅಂದರೆ ನೂರು ಚದರ ಕಿಲೋಮೀಟರಿಗೆ ಒಂದು! ಕಪ್ಪು ಕರಡಿಗಳು ಅದಕ್ಕಿಂತಲೂ ಕಡಿಮೆ. ಕಾಡಿನ ಕಡೆ ಸುಮ್ನೆ ಕಣ್ಣು ಹಾಯಿಸುತ್ತಾ ಹೋದರೆ ಮರ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ ಕರಡಿಗೆ ದಿನವಿಡೀ ಇರುವುದು ಒಂದೇ ಚಿಂತೆ, ಹೊಟ್ಟೆ. ಯಾವ ವಾರದಲ್ಲಿ ಅದಕ್ಕೆ ಊಟ ಎಲ್ಲಿ ಸಿಗುತ್ತದೆ ಅನ್ನುವುದು ಗೊತ್ತಾದರೆ ಆ ನೂರು ಚದರ ಕಿಲೋಮೀಟರು ಒಂದು ಸಣ್ಣ ಪಟ್ಟಿಯಾಗುತ್ತದೆ.

ನೀವು ಆರಿಸಿಕೊಂಡ ಜೂನ್ ಈ ಲೆಕ್ಕದಲ್ಲಿ ಬಹಳ ಒಳ್ಳೆಯ ತಿಂಗಳು. ಗಂಡು ಗ್ರಿಜ್ಲಿಗಳು ಚಳಿಗಾಲದ ನಿದ್ದೆ ಮುಗಿಸಿ ಗವಿಯಿಂದ ಹೊರಬರುವುದು ಮಾರ್ಚ್ ಕೊನೆಯ ಹೊತ್ತಿಗೆ. ಮರಿ ಹಾಕಿದ ತಾಯಂದಿರು ಏಪ್ರಿಲ್ ಕೊನೆ, ಮೇ ತನಕ ಕಾಯುತ್ತವೆ. ಹೊರಗೆ ಬಂದಾಗ ಬೆಟ್ಟದ ಮೇಲೆಲ್ಲಾ ಹಿಮ. ಹಸಿರು ಮೊದಲು ಕಾಣುವುದು ಕಣಿವೆಯ ತಳದಲ್ಲಿ. ಅದರಲ್ಲೂ ರಸ್ತೆ ಬದಿಯಲ್ಲಿ. ರಸ್ತೆಗಾಗಿ ಮರ ಕಡಿದಿರುತ್ತಾರಲ್ಲ, ಅಲ್ಲಿ ಬಿಸಿಲು ಬೀಳುತ್ತದೆ, ಹಿಮ ಬೇಗ ಕರಗುತ್ತದೆ, ಹುಲ್ಲು ಚಿಗುರುತ್ತದೆ. ಹಳದಿ ಡ್ಯಾಂಡೆಲಿಯನ್ ಹೂವು ಹಾಸಿಗೆ ಹಾಸಿದ ಹಾಗೆ ಅರಳುತ್ತದೆ. ಅದೂ, ಕ್ಲೋವರ್ ಸೊಪ್ಪೂ ಕರಡಿಗೆ ಬಹಳ ಇಷ್ಟ. ಇಷ್ಟು ದೊಡ್ಡ ಪ್ರಾಣಿ ಹೂವು ಮೇಯುತ್ತಾ ಕೂತಿರುತ್ತದೆ ಅಂದರೆ ಜನ ನಂಬುವುದಿಲ್ಲ. ನಿಜಕ್ಕೂ ಹಸುವಿನ ಹಾಗೆ ಮೇಯುತ್ತದೆ. ಗಂಟೆಗಟ್ಟಲೆ.

ಜುಲೈ ನಡುವಿನಿಂದ ಆಟ ಬದಲಾಗುತ್ತದೆ. ಬಫಲೋಬೆರಿ ಅನ್ನುವ ಕೆಂಪು ಹಣ್ಣು ಬಿಡುತ್ತದೆ. ಒಂದು ಗ್ರಿಜ್ಲಿ ದಿನಕ್ಕೆ ಎರಡು ಲಕ್ಷ ಹಣ್ಣಿನ ತನಕ ತಿನ್ನಬಲ್ಲದು ಅಂತ ಲೆಕ್ಕ ಹಾಕಿದ್ದಾರೆ. ಆಗ ಅವು ಪೊದೆಯೊಳಗೆ ತಲೆ ಹುದುಗಿಸಿಕೊಂಡಿರುತ್ತವೆ, ಹತ್ತಿರದಲ್ಲೇ ಇದ್ದರೂ ಕಾಣುವುದಿಲ್ಲ. ಕಾಲುದಾರಿಯಲ್ಲಿ ನಡೆಯುವವರಿಗೆ ಆ ಕಾಲ ಹೆಚ್ಚು ಅಪಾಯ. ಕಾರಿನಲ್ಲಿ ಹೋಗುವವರಿಗೆ ಮೇ ಕೊನೆಯಿಂದ ಜುಲೈ ಮೊದಲ ವಾರದ ತನಕದ ದಿನಗಳೇ ಚೆನ್ನ.

ಇನ್ನು ರಸ್ತೆಗಳು. ಬ್ಯಾನ್ಫ್‌ನಿಂದ ಲೇಕ್ ಲೂಯಿಸ್‌ಗೆ ಹೆದ್ದಾರಿಯ ಪಕ್ಕದಲ್ಲೇ ಹಳೆಯ ರಸ್ತೆಯೊಂದಿದೆ, ಬೋ ವ್ಯಾಲಿ ಪಾರ್ಕ್‌ವೇ, ನಂಬರ್ 1ಎ. ಸುಮಾರು 50 ಕಿಲೋಮೀಟರ್, ವೇಗದ ಮಿತಿ ಗಂಟೆಗೆ 60. ಬೇಲಿ ಇಲ್ಲ. ಪಕ್ಕದಲ್ಲೇ ರೈಲು ಹಳಿ. ಗೂಡ್ಸ್ ರೈಲಿನಿಂದ ಚೆಲ್ಲಿದ ಕಾಳು ತಿನ್ನಲು ಕರಡಿಗಳು ಹಳಿಯ ಮೇಲೂ ಬರುತ್ತವೆ. ಪಾಪ, ಎಷ್ಟೋ ಸಲ ಅಲ್ಲೇ ಸಾಯುತ್ತವೆ. ಈ ಕಣಿವೆಯಲ್ಲಿ 122 ಅನ್ನುವ ನಂಬರಿನ ಒಂದು ದೊಡ್ಡ ಗಂಡು ಗ್ರಿಜ್ಲಿ ಇದೆ. ಜನ 'ದ ಬಾಸ್' ಅಂತ ಕರೆಯುತ್ತಾರೆ. ರೈಲು ಗುದ್ದಿದರೂ ಬದುಕಿ ಉಳಿದ ಕರಡಿ ಅಂತ ಅದಕ್ಕೆ ಹೆಸರು.

ಈ ರಸ್ತೆಯಲ್ಲಿ ಒಂದು ನಿಯಮ ನಿಮ್ಮ ಪ್ರವಾಸಕ್ಕೆ ಸರಿಯಾಗಿ ಅಡ್ಡ ಬರುತ್ತದೆ. ಬ್ಯಾನ್ಫ್ ಕಡೆಯ ತುದಿಯಿಂದ ಜಾನ್ಸ್‌ಟನ್ ಕ್ಯಾನ್ಯನ್ ತನಕದ 17 ಕಿಲೋಮೀಟರನ್ನು ಮಾರ್ಚ್ 1ರಿಂದ ಜೂನ್ 25ರವರೆಗೆ ರಾತ್ರಿ 8ರಿಂದ ಬೆಳಗ್ಗೆ 8ರ ತನಕ ವಾಹನಗಳಿಗೆ ಮುಚ್ಚುತ್ತಾರೆ. ಪ್ರಾಣಿಗಳು ನೆಮ್ಮದಿಯಾಗಿ ಓಡಾಡಲಿ ಅಂತ. ಅಂದರೆ ಕರಡಿ ನೋಡಲು ಎಲ್ಲಕ್ಕಿಂತ ಒಳ್ಳೆಯ ಹೊತ್ತಿನಲ್ಲೇ ಆ ತುಂಡು ಬಂದ್. ಬೇಜಾರಾಗಬೇಡಿ. ಲೇಕ್ ಲೂಯಿಸ್ ಕಡೆಯ ಅರ್ಧ ಆಗಲೂ ತೆರೆದಿರುತ್ತದೆ. ಹೆದ್ದಾರಿಯಲ್ಲೇ ಕಾಸಲ್ ಜಂಕ್ಷನ್ ತನಕ ಬಂದು, ಅಲ್ಲಿ 1ಎಗೆ ತಿರುಗಿ, ಲೇಕ್ ಲೂಯಿಸ್ ಕಡೆಗೆ ನಿಧಾನವಾಗಿ ಹೋಗಿ. ಇದಲ್ಲದೆ ಸೈಕಲ್ ಸವಾರರಿಗಾಗಿ ಕೆಲವು ತಿಂಗಳು ಕಾರು ನಿಲ್ಲಿಸುವ ಪದ್ಧತಿಯನ್ನೂ ಬ್ಯಾನ್ಫ್ ಕಡೆಯ ಇದೇ ತುಂಡಿನಲ್ಲಿ ಈಚೆಗೆ ತಂದಿದ್ದಾರೆ. ಹೊರಡುವ ಹಿಂದಿನ ದಿನ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ವೆಬ್‌ಸೈಟಿನಲ್ಲಿ ರಸ್ತೆಯ ಸ್ಥಿತಿ ನೋಡಲು ಮಗನಿಗೆ ಹೇಳಿ.

ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ, ಸುಮಾರು 230 ಕಿಲೋಮೀಟರ್. ಹಿಮನದಿ, ಸರೋವರ, ಜಲಪಾತ ಅಂತ ಜನ ಬರುವುದು ಇದಕ್ಕೇ. ಗೂಗಲ್ ಮ್ಯಾಪ್ ಮೂರು ಗಂಟೆ ಅನ್ನುತ್ತದೆ, ನೀವು ಇಡೀ ದಿನ ಇಟ್ಟುಕೊಳ್ಳಿ. ಸಾಧ್ಯವಾದರೆ ಹೋಗುವುದಕ್ಕೊಂದು ದಿನ, ಬರುವುದಕ್ಕೊಂದು ದಿನ. ಒಂದೇ ದಿನದಲ್ಲಿ ಹೋಗಿಬರುವವರು ಕೊನೆಗೆ ಕರಡಿಯನ್ನೂ ನೋಡುವುದಿಲ್ಲ, ಬೆಟ್ಟವನ್ನೂ ನೋಡುವುದಿಲ್ಲ, ಗಡಿಯಾರ ನೋಡುತ್ತಿರುತ್ತಾರೆ. ಲೇಕ್ ಲೂಯಿಸ್‌ನಲ್ಲೇ ಟ್ಯಾಂಕ್ ತುಂಬಿಸಿ. ದಾರಿಯಲ್ಲಿ ಪೆಟ್ರೋಲ್ ಸಿಗುವುದು ಸಸ್ಕ್ಯಾಚುವನ್ ರಿವರ್ ಕ್ರಾಸಿಂಗ್ ಅನ್ನುವ ಒಂದೇ ಜಾಗದಲ್ಲಿ, ಬೆಲೆಯೂ ಜಾಸ್ತಿ. ಫೋನ್ ಸಿಗ್ನಲ್ ಬಹುಪಾಲು ಇರುವುದೇ ಇಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಜಾಸ್ಪರ್ ಹತ್ತಿರ ಬಂದಾಗ ಒಂದು ಒಳ್ಳೆಯ ತಿರುವು ಇದೆ. ಅಥಾಬಾಸ್ಕಾ ಜಲಪಾತದ ಬಳಿ 93ಎ ಅನ್ನುವ ಹಳೆಯ ರಸ್ತೆ ಕವಲೊಡೆಯುತ್ತದೆ. ಸುಮಾರು 25 ಕಿಲೋಮೀಟರ್, ಕಾಡಿನ ನಡುವೆ, ವಾಹನ ಬಹಳ ಕಡಿಮೆ. ದೊಡ್ಡ ರಸ್ತೆ ಬಿಟ್ಟು ಇದರಲ್ಲೇ ಜಾಸ್ಪರ್ ಸೇರಿ. ನನ್ನ ಅನುಭವದಲ್ಲಿ ಕಪ್ಪು ಕರಡಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಇಲ್ಲ. ಇದರ ಜೊತೆ ಜಾಸ್ಪರ್‌ನಿಂದ ಮಲೀನ್ ಸರೋವರಕ್ಕೆ ಹೋಗುವ ಸುಮಾರು 45 ಕಿಲೋಮೀಟರಿನ ರಸ್ತೆ. ಅಲ್ಲೂ ಬೆಳಗ್ಗೆ ಬೇಗ. 2024ರ ಜುಲೈನ ಕಾಡ್ಗಿಚ್ಚಿನಲ್ಲಿ ಜಾಸ್ಪರ್ ಪಟ್ಟಣದ ಮೂರನೇ ಒಂದು ಭಾಗದಷ್ಟು ಕಟ್ಟಡಗಳು ಸುಟ್ಟುಹೋದವು. ಉಳಿಯಲು ರೂಮ್ ಮೊದಲೇ ಕಾದಿರಿಸಿ. ಊರಿನ ಸುತ್ತ ಕಪ್ಪಗೆ ಸುಟ್ಟ ಮರಗಳನ್ನು ನೋಡಿ ಮೊಮ್ಮಗಳು ಹೆದರಿದರೆ ನೆಲ ತೋರಿಸಿ. ಸುಟ್ಟ ಕಾಡಿನಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಹುಲ್ಲು, ಪೊದೆ ಬೇಗ ಬರುತ್ತವೆ. ಹುಲ್ಲಿನ ಹಿಂದೆ ಜಿಂಕೆ, ಕರಡಿ ಬರುತ್ತವೆ. ಮರ ಬೋಳಾಗಿರುವುದರಿಂದ ದೂರದ ತನಕ ಕಣ್ಣು ಹೋಗುತ್ತದೆ.

ನಾಲ್ಕು ದಿನ ಇಲ್ಲ, ಎರಡೇ ದಿನ ಅಂತಾದರೆ ಕ್ಯಾಲ್ಗರಿಗೆ ಹತ್ತಿರದ ಕನನಾಸ್ಕಿಸ್ ಕಡೆಯ ಹೈವೇ 40 ಹಿಡಿಯಬಹುದು. ಆ ರಸ್ತೆಯ ಮೇಲ್ಭಾಗದಲ್ಲಿ ಬರುವ ಹೈವುಡ್ ಪಾಸ್, 2,206 ಮೀಟರ್, ಕೆನಡಾದಲ್ಲೇ ಎತ್ತರದ ಡಾಂಬರು ಕಣಿವೆದಾರಿ. ಅದು ತೆರೆಯುವುದು ಜೂನ್ 15ಕ್ಕೆ. ನೀವು ಎರಡನೇ ವಾರ ಹೋದರೆ ಗೇಟ್ ಮುಚ್ಚಿರುತ್ತದೆ, ಅದರ ಕೆಳಗಿನ ಭಾಗದಲ್ಲಿ ಓಡಾಡಬಹುದು. ಇಲ್ಲಿಗೆ ರಾಷ್ಟ್ರೀಯ ಉದ್ಯಾನದ ಪಾಸ್ ನಡೆಯುವುದಿಲ್ಲ, ಕಾರಿಗೆ ದಿನಕ್ಕೆ 15 ಡಾಲರಿನ ಬೇರೆ ಪಾಸ್ ಬೇಕು.

ಹೊತ್ತಿನ ವಿಷಯ. ಜೂನ್‌ನಲ್ಲಿ ಅಲ್ಲಿ ಬೆಳಗ್ಗೆ ಐದೂವರೆಗೇ ಬೆಳಕು, ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಏಳರಿಂದ ಒಂಬತ್ತೂವರೆ. ಈ ಎರಡು ತುಂಡುಗಳಲ್ಲಿ ಕಾರಿನಲ್ಲಿರಿ. ನಡುಹಗಲು ಮಲಗಿ. ಇದು ತಮಾಷೆಯಲ್ಲ, ಕರಡಿಯೂ ಅದನ್ನೇ ಮಾಡುತ್ತದೆ. ಮೋಡ ಕವಿದು ಜಿನುಗು ಮಳೆ ಇದ್ದರೆ ಮನೆಯಲ್ಲಿ ಕೂರಬೇಡಿ. ತಂಪಿನ ದಿನ ಅವು ಹಗಲಿನಲ್ಲೂ ಮೇಯುತ್ತವೆ. ಬೆಳಕು ಪೂರ್ತಿ ಹೋದ ಮೇಲೆ ಓಡಿಸುವುದು ಬೇಡ. ಎಲ್ಕ್, ಮೂಸ್ ಕತ್ತಲಲ್ಲಿ ಏಕಾಏಕಿ ರಸ್ತೆಗೆ ಬರುತ್ತವೆ.

ನೋಡುವುದು ಹೇಗೆ? ಓಡಿಸುವವರು ರಸ್ತೆ ಮಾತ್ರ ನೋಡಲಿ. ಉಳಿದವರು ಎಡ, ಬಲ ಹಂಚಿಕೊಳ್ಳಿ. ಕಾಡಿನ ಅಂಚು, ಹುಲ್ಲಿನ ಇಳಿಜಾರು, ಡ್ಯಾಂಡೆಲಿಯನ್ ಹಳದಿ ಕಂಡ ಕಡೆ ವೇಗ ಇಳಿಸಿ. ಸುಟ್ಟ ಮರದ ಕೊರಡು, ಕಪ್ಪು ಬಂಡೆ, ಬುಡಮೇಲಾದ ಮರದ ಬೇರು ಎಲ್ಲಾ ಕರಡಿಯ ಹಾಗೇ ಕಾಣುತ್ತವೆ. ನಾವು ಅವಕ್ಕೆ 'ಕೊರಡುಕರಡಿ' ಅಂತಲೇ ಹೆಸರಿಟ್ಟಿದ್ದೆವು. ದಿನಕ್ಕೆ ಹತ್ತಾದರೂ ಸಿಗುತ್ತವೆ. ಕೊರಡು ಅಲುಗಾಡಿದರೆ ನಿಜವಾದದ್ದು.

ಕಂಡಿದ್ದು ಕಪ್ಪು ಕರಡಿಯೋ ಗ್ರಿಜ್ಲಿಯೋ ಅಂತ ಬಣ್ಣ ನೋಡಿ ಹೇಳಬೇಡಿ. ಕಪ್ಪು ಕರಡಿ ಕಂದು, ದಾಲ್ಚಿನ್ನಿ ಬಣ್ಣದಲ್ಲೂ ಇರುತ್ತದೆ. ಗ್ರಿಜ್ಲಿಯಲ್ಲೂ ಕಡುಗಪ್ಪಿನವು ಇವೆ. ಭುಜ ನೋಡಿ. ಗ್ರಿಜ್ಲಿಗೆ ಎತ್ತಿನ ಹಿಣಿಲಿನ ಹಾಗೆ ಅಲ್ಲೊಂದು ಡುಬ್ಬ ಎದ್ದು ಕಾಣುತ್ತದೆ. ನೆಲ ಅಗೆದು ಅಗೆದು ಬೆಳೆದ ಸ್ನಾಯು ಅದು. ಮುಖ ಪಕ್ಕದಿಂದ ನೋಡಿದರೆ ತಟ್ಟೆಯ ಹಾಗೆ ಒಳಗೆ ತಗ್ಗಾಗಿರುತ್ತದೆ, ಕಿವಿ ಗಿಡ್ಡ, ಗುಂಡಗೆ. ಕಪ್ಪು ಕರಡಿಗೆ ಡುಬ್ಬ ಇಲ್ಲ, ಮೂಗು ನೇರ, ಕಿವಿ ದೊಡ್ಡದು. ಅದು ಮರ ಹತ್ತುವುದರಲ್ಲಿ ಜಾಣ. ತಾಯಿ ಹುಲ್ಲು ಮೇಯುತ್ತಿದ್ದರೆ ಪಕ್ಕದ ಮರವನ್ನೂ ಒಮ್ಮೆ ನೋಡಿ, ಮರಿಗಳು ಮೇಲಿರಬಹುದು.

ಈಗ ಕಂಡ ಮೇಲಿನ ಮಾತು. ಇಲ್ಲಿ ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುತ್ತಾರೆ. ಅಲ್ಲಿ ನಡೆಯುವುದು ಉಲ್ಟಾ. ಕರಡಿ ತನ್ನ ಪಾಡಿಗೆ ಊಟ ಮಾಡುತ್ತಿರುತ್ತದೆ, ಅದರ ನಡುವೆ ನಾವು ನುಗ್ಗುತ್ತೇವೆ. ಒಂದು ಕಾರು ನಿಂತರೆ ಹಿಂದೆ ಹತ್ತು ನಿಲ್ಲುತ್ತವೆ. ಅರ್ಧ ಕಾರು ರಸ್ತೆಯ ಮೇಲೇ. ಬಾಗಿಲು ತೆರೆದು ಫೋನ್ ಹಿಡಿದು ಹುಲ್ಲಿಗೆ ಇಳಿಯುತ್ತಾರೆ. ಅಲ್ಲಿನವರು ಇದನ್ನು 'ಬೇರ್ ಜಾಮ್' ಅನ್ನುತ್ತಾರೆ. ಒಮ್ಮೆ ಒಬ್ಬರು ಪುಟ್ಟ ಮಗುವನ್ನು ಕರಡಿಗೆ ಬೆನ್ನು ಮಾಡಿ ನಿಲ್ಲಿಸಿ ಫೋಟೋ ತೆಗೆಯಲು ಹೊರಟಿದ್ದನ್ನು ನಾನೇ ನೋಡಿದ್ದೇನೆ. ಆವತ್ತು ಆ ಕರಡಿಗೆ ಹೂವೇ ಹೆಚ್ಚು ರುಚಿ ಅನ್ನಿಸಿತು, ಅಷ್ಟೇ.

ಜನ ಅಂದುಕೊಳ್ಳುವ ಅಪಾಯ ಕರಡಿಯಿಂದ ನಮಗೆ. ರಸ್ತೆ ಬದಿಯಲ್ಲಿ ಹೆಚ್ಚಿನ ಅಪಾಯ ನಮ್ಮಿಂದ ಕರಡಿಗೆ. ಕಾರು ಕಂಡರೆ ಹೆದರಬೇಕಾಗಿಲ್ಲ ಅಂತ ಅದು ಕಲಿಯುತ್ತದೆ. ಒಂದು ದಿನ ಕಾರಿಗೇ ಸಿಗುತ್ತದೆ. ನಕೋಡಾ ಅನ್ನುವ ಬಿಳಿ ಬಣ್ಣದ ಹೆಣ್ಣು ಗ್ರಿಜ್ಲಿಯ ಫೋಟೋ ನೀವು ನೋಡಿರಬಹುದು. ಪಕ್ಕದ ಯೋಹೋ ಉದ್ಯಾನದ ರಸ್ತೆ ಬದಿಯಲ್ಲಿ ಡ್ಯಾಂಡೆಲಿಯನ್ ಮೇಯುತ್ತಿತ್ತು. ಬೇಲಿ ಹತ್ತಿ ಇಳಿಯುವುದನ್ನೂ ಕಲಿತಿತ್ತು. ಅದಕ್ಕಾಗಿಯೇ ಅಲ್ಲಿ ವಾಹನ ನಿಲ್ಲಿಸಬಾರದು ಅಂತ ನಿಯಮ ಮಾಡಿದ್ದರು, ವೇಗದ ಮಿತಿ ಇಳಿಸಿದ್ದರು. 2024ರ ಜೂನ್ 6ರ ಬೆಳಗ್ಗೆ ಅದರ ಎರಡೂ ಮರಿಗಳು ವಾಹನಕ್ಕೆ ಸಿಕ್ಕಿ ಸತ್ತವು. ಅದೇ ದಿನ ಸಂಜೆ ತಾಯಿಗೂ ಕಾರು ಬಡಿಯಿತು. ಎರಡು ದಿನದ ಮೇಲೆ ಅದೂ ಸತ್ತಿತು. ಉದ್ಯಾನದ ಸಿಬ್ಬಂದಿ ಅಲ್ಲೇ ಇದ್ದರು, ಏನೂ ಮಾಡಲಾಗಲಿಲ್ಲ.

ಆದ್ದರಿಂದ ನೀವು ಹೀಗೆ ಮಾಡಿ. ಕರಡಿ ಕಂಡ ಕೂಡಲೇ ಬ್ರೇಕ್ ಒತ್ತಬೇಡಿ, ಹಿಂದಿನವರು ಬಂದು ಗುದ್ದುತ್ತಾರೆ. ವೇಗ ಇಳಿಸಿ, ಹಜಾರ್ಡ್ ಲೈಟ್ ಹಾಕಿ. ಪೂರ್ತಿ ರಸ್ತೆಯಿಂದ ಆಚೆ ನಿಲ್ಲಲು ಸುರಕ್ಷಿತ ಜಾಗ ಇದ್ದರೆ ಮಾತ್ರ ನಿಲ್ಲಿಸಿ. ತಿರುವು, ಏರು ಇದ್ದರೆ ನಿಲ್ಲಲೇಬೇಡಿ, ನಿಧಾನವಾಗಿ ದಾಟಿಹೋಗಿ. ಆಗಲೇ ಕಾರುಗಳ ಸಾಲು ನಿಂತಿದ್ದರೆ ಅದಕ್ಕೆ ನೀವೂ ಸೇರಿಕೊಳ್ಳುವುದು ಬೇಡ. ಯಾರೂ ಇಳಿಯಬಾರದು, ತಲೆ ಹೊರಗೆ ಹಾಕಬಾರದು. ಹಾರ್ನ್ ಬೇಡ, ಕೂಗುವುದು ಬೇಡ. ಒಂದು ನಿಮಿಷ ನೋಡಿ, ಎರಡು ಫೋಟೋ ತೆಗೆಯಿರಿ, ಹೊರಡಿ. ಕರಡಿ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ನಿಮ್ಮನ್ನೇ ನೋಡಲು ಶುರು ಮಾಡಿದರೆ ನೀವು ಆಗಲೇ ಜಾಸ್ತಿ ಹೊತ್ತು ನಿಂತಿದ್ದೀರಿ ಅಂತ ಅರ್ಥ. ಅದು ರಸ್ತೆ ದಾಟುವ ಹಾಗಿದ್ದರೆ ಜಾಗ ಬಿಡಿ. ಅದರ ದಾರಿಗೂ ಕಾಡಿಗೂ ನಡುವೆ ಕಾರು ತಂದು ನಿಲ್ಲಿಸಬೇಡಿ.

ಕಾರಿನಿಂದ ಇಳಿದಾಗ ಎಲ್ಲೇ ಇರಲಿ, ಕರಡಿಯಿಂದ 100 ಮೀಟರ್ ದೂರ ಇರಬೇಕು ಅನ್ನುವುದು ಪಾರ್ಕ್ಸ್ ಕೆನಡಾ ಹೇಳುವ ಲೆಕ್ಕ. ಮೊಮ್ಮಗಳಿಗೆ ಹತ್ತು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಅಂತ ಹೇಳಿ. ಎಲ್ಕ್, ಜಿಂಕೆಗಳಿಗೆ ಮೂರು ಬಸ್ಸು, 30 ಮೀಟರ್. ಪ್ರಾಣಿಗಳಿಗೆ ತಿನ್ನಲು ಕೊಟ್ಟರೆ ದಂಡ 25,000 ಡಾಲರಿನ ತನಕ ಹೋಗಬಹುದು. ಕಿಟಕಿಯಿಂದ ಎಸೆದ ಬಾಳೆಹಣ್ಣಿನ ಸಿಪ್ಪೆಯೂ ತಿನ್ನಲು ಕೊಟ್ಟ ಹಾಗೇ. ತಿಂಡಿಯ ಚೀಲ ಹೊರಗಿನ ಮೇಜಿನ ಮೇಲೆ ಬಿಟ್ಟು ಟಾಯ್ಲೆಟ್‌ಗೆ ಹೋಗಬೇಡಿ.

ಬೇರ್ ಸ್ಪ್ರೇ ಬೇಕಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಕಾರಿನಲ್ಲೇ ಇದ್ದರೆ ಬೇಡ. ಸರೋವರದ ದಡದಲ್ಲಿ ಹತ್ತು ನಿಮಿಷ ನಡೆಯುವುದಾದರೂ ಒಂದು ಡಬ್ಬಿ ಮಗನ ಸೊಂಟದಲ್ಲಿರಲಿ. ಅದು ಮೆಣಸಿನ ಸತ್ವ, ಬರುವ ಕರಡಿಯ ಮುಖಕ್ಕೆ ಹೊಡೆಯುವುದು. ಸೊಳ್ಳೆ ಔಷಧಿಯ ಹಾಗೆ ಮೈಗೆ ಹಚ್ಚಿಕೊಂಡವರಿದ್ದಾರೆ, ಅದಕ್ಕೆ ಹೇಳಿದೆ! ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಸಿಡಿಯಬಹುದು. ವಿಮಾನದಲ್ಲಿ ಒಯ್ಯುವಂತಿಲ್ಲ. ನಡೆಯುವಾಗ ಮಾತಾಡುತ್ತಾ ನಡೆಯಿರಿ. ಆರು ವರ್ಷದವಳು ಜೊತೆಗಿದ್ದರೆ ಅದಕ್ಕೆ ಬೇರೆ ಏರ್ಪಾಡು ಬೇಕಾಗಿಲ್ಲ. ಅವಳು ಕೈ ಬಿಡಿಸಿಕೊಂಡು ಮುಂದೆ ಓಡದಂತೆ ನೋಡಿಕೊಳ್ಳಿ. ಕರಡಿ ಎದುರಾದರೆ ಓಡಬೇಡಿ. ಮಗುವನ್ನು ಎತ್ತಿಕೊಂಡು, ಮೆಲ್ಲನೆ ಮಾತಾಡುತ್ತಾ ಹಿಂದೆ ಹಿಂದೆ ಸರಿಯಿರಿ.

ನಿಮ್ಮ ಮೊಣಕಾಲಿಗೆ ಒಪ್ಪುವ ಒಂದು ಜಾಗ ಕೊನೆಗೆ ಉಳಿಸಿಕೊಂಡಿದ್ದೆ. ಲೇಕ್ ಲೂಯಿಸ್‌ನ ಸ್ಕೀ ಬೆಟ್ಟದಲ್ಲಿ ಬೇಸಿಗೆಯಲ್ಲಿ ಗೊಂಡೊಲಾ, ಅಂದರೆ ತಂತಿಗೆ ತೂಗಿಕೊಂಡು ಬೆಟ್ಟ ಏರುವ ಗಾಡಿ, ಓಡುತ್ತದೆ. ಚಳಿಗಾಲದಲ್ಲಿ ಜನ ಸ್ಕೀ ಮಾಡುವ ಆ ಬೋಳು ಇಳಿಜಾರಿನಲ್ಲಿ ಜೂನ್‌ನಲ್ಲಿ ಹುಲ್ಲು ತುಂಬಿರುತ್ತದೆ. ಹುಲ್ಲು ಇದ್ದ ಕಡೆ ಯಾರು ಬರುತ್ತಾರೆ ಅಂತ ಈಗ ನಿಮಗೆ ಗೊತ್ತು. ಗೊಂಡೊಲಾದ ಕೆಳಗೇ ಗ್ರಿಜ್ಲಿ ಮೇಯುವುದನ್ನು ಎಷ್ಟೋ ಜನ ನೋಡಿದ್ದಾರೆ. ಕರಡಿಗೂ ತೊಂದರೆ ಇಲ್ಲ, ನಿಮಗೂ ಇಲ್ಲ. ಬೆಳಗ್ಗೆ ಮೊದಲ ಗಾಡಿಗಳಲ್ಲಿ ಹತ್ತಿ.

ಇಷ್ಟೆಲ್ಲಾ ಮಾಡಿದರೂ ಕರಡಿ ಕಾಣದೇ ಹೋಗಬಹುದು. ನಾಲ್ಕು ದಿನ ಬೆಳಗ್ಗೆ ಸಂಜೆ ತಪ್ಪದೆ ಹೊರಟರೆ ಒಂದಾದರೂ ಕಪ್ಪು ಕರಡಿ ಸಿಗುವ ಸಾಧ್ಯತೆ ಚೆನ್ನಾಗಿದೆ ಅಂತ ನನ್ನ ಅಂದಾಜು. ಗ್ರಿಜ್ಲಿ ಸಿಕ್ಕರೆ ಅದೃಷ್ಟ. ಮೊಮ್ಮಗಳಿಗೆ ಮೊದಲೇ ಪ್ರಾಮಿಸ್ ಮಾಡಬೇಡಿ. ಬೈನಾಕ್ಯುಲರ್ ಮಾತ್ರ ಎರಡು ತೆಗೆದುಕೊಂಡು ಹೋಗಿ. ಒಂದೇ ಇದ್ದರೆ ಕಿತ್ತಾಡಿ ಮುಗಿಯುವಷ್ಟರಲ್ಲಿ ಕರಡಿ ಕಾಡು ಸೇರಿರುತ್ತದೆ.